ಚಿಲ್ ಟಚ್ ಕ್ಯಾಂಟ್ರಿಪ್ ರಿವ್ಯೂ: 2014ರದ್ದೇ ಇಟ್ಟುಕೊಳ್ಳಿ

ಡೈಸ್ (ದಾಳ) ಉರುಳಿಸಿ ಪಾತ್ರ ಮಾಡಿ ಆಡುವ ಟೇಬಲ್ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ವಿಝಾರ್ಡ್ (ಮಾಂತ್ರಿಕ) ಮಾಡಿಕೊಂಡರೆ ಮೊದಲ ಲೆವೆಲ್‌ಗೇ ಮೂರು ಕ್ಯಾಂಟ್ರಿಪ್, ಅಂದರೆ ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಮಂತ್ರಗಳು, ಸಿಗುತ್ತವೆ. ಬಹಳ ಜನ ಒಂದು ಫೈರ್ ಬೋಲ್ಟ್, ಒಂದು ಮೇಜ್ ಹ್ಯಾಂಡ್, ಬೆಳಕಿಗೆ ಇನ್ನೊಂದು ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ. ಚಿಲ್ ಟಚ್ ಕಡೆ ಕಣ್ಣು ಹಾಯಿಸುವವರು ಕಡಿಮೆ. ಡೈಸ್ ಚಿಕ್ಕದು, ಬೆಂಕಿ ಹತ್ತಿಕೊಳ್ಳುವುದಿಲ್ಲ, ಶತ್ರು ಹಿಂದಕ್ಕೆ ಹಾರಿ ಬೀಳುವುದಿಲ್ಲ. ನೋಡೋಕೆ ಏನೂ ಇಲ್ಲ ಅನ್ನಿಸುತ್ತದೆ. ನನ್ನ ಪ್ರಕಾರ ಫಿಫ್ತ್ ಎಡಿಷನ್‌ನಲ್ಲಿ ಸ್ಲಾಟ್ (ದೊಡ್ಡ ಮಂತ್ರಗಳನ್ನು ಇಷ್ಟೇ ಸಲ ಹಾಕಬಹುದು ಅನ್ನುವ ಲೆಕ್ಕ) ಖರ್ಚಿಲ್ಲದೆ ಸಿಗುವ ಸ್ಪೆಲ್‌ಗಳಲ್ಲಿ ಇಷ್ಟು ಯೋಚನೆ ಮಾಡಿ ಕಟ್ಟಿರುವುದು ಇನ್ನೊಂದಿಲ್ಲ. ಆದರೆ ಈ ಮಾತು ಹೇಳುವುದು 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿರುವ ಚಿಲ್ ಟಚ್ ಬಗ್ಗೆ. 2024ರ ಪುಸ್ತಕದಲ್ಲಿ ಇದೇ ಹೆಸರಿನಲ್ಲಿ ಬಂದಿರುವುದು ಬೇರೆಯದೇ ಸ್ಪೆಲ್, ಅದರ ಕಥೆ ಕೆಳಗೆ ಹೇಳುತ್ತೇನೆ.

ಮೊದಲು 2014ರದ್ದು ಏನು ಮಾಡುತ್ತದೆ ನೋಡೋಣ. ಸಾವು-ಜೀವಕ್ಕೆ ಸಂಬಂಧಿಸಿದ ನೆಕ್ರೋಮ್ಯಾನ್ಸಿ ವಿಭಾಗದ ಕ್ಯಾಂಟ್ರಿಪ್. ವಿಝಾರ್ಡ್, ಸಾರ್ಸರರ್, ವಾರ್ಲಾಕ್ ಅನ್ನುವ ಮಂತ್ರದ ಕ್ಲಾಸ್‌ನವರು (ಪಾತ್ರದ ಬಗೆ) ಮೂವರಿಗೂ ಸಿಗುತ್ತದೆ. ಒಂದು ಆ್ಯಕ್ಷನ್, ಮಂತ್ರ ಹೇಳಿ ಕೈ ಆಡಿಸಿದರೆ ಸಾಕು, ಸಾಮಾನು ಏನೂ ಬೇಡ. 120 ಅಡಿ ದೂರದವರೆಗೆ ಯಾವುದಾದರೂ ಜೀವಿಯ ಮೇಲೆ ಅಸ್ಥಿಪಂಜರದ ಒಂದು ಕೈ ಕಾಣಿಸಿಕೊಳ್ಳುತ್ತದೆ. ನೀವು ರೇಂಜ್ಡ್ ಸ್ಪೆಲ್ ಅಟ್ಯಾಕ್ ರೋಲ್ ಮಾಡಬೇಕು, ಅಂದರೆ ದೂರದಿಂದ ಮಂತ್ರ ತಾಗುತ್ತದಾ ಅಂತ ಡೈಸ್ ಹಾಕಿ ನೋಡಬೇಕು. ತಾಗಿದರೆ 1ಡಿ8 (ಎಂಟು ಮುಖದ ಒಂದು ಡೈಸ್) ನೆಕ್ರೋಟಿಕ್ ಡ್ಯಾಮೇಜ್, ಅಂದರೆ ಜೀವ ಹೀರುವ ಬಗೆಯ ಏಟು. 5, 11, 17ನೇ ಲೆವೆಲ್‌ಗಳಲ್ಲಿ ಒಂದೊಂದು ಡೈಸ್ ಜಾಸ್ತಿಯಾಗಿ ಕೊನೆಗೆ 4ಡಿ8 ಆಗುತ್ತದೆ. ಇಷ್ಟೇ ಆಗಿದ್ದರೆ ನಾನು ರಿವ್ಯೂ ಬರೆಯುತ್ತಿರಲಿಲ್ಲ. ಮುಂದಿನ ಸಾಲು ಮುಖ್ಯ: ತಾಗಿಸಿಕೊಂಡವನು ನಿಮ್ಮ ಮುಂದಿನ ಟರ್ನ್ (ಸರದಿ) ಶುರುವಾಗುವವರೆಗೆ ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿಯ ಲೆಕ್ಕ) ವಾಪಸ್ ಪಡೆಯಲಾರ. ಆ ಕೈ ಅಲ್ಲಿಯವರೆಗೆ ಅವನಿಗೆ ಅಂಟಿಕೊಂಡೇ ಇರುತ್ತದೆ. ಅವನು ಅನ್‌ಡೆಡ್ (ಸತ್ತ ಮೇಲೂ ಓಡಾಡುವ ಜೀವಿ) ಆಗಿದ್ದರೆ ಇನ್ನೂ ಒಂದು ಇದೆ. ನಿಮ್ಮ ಮುಂದಿನ ಟರ್ನ್ ಮುಗಿಯುವವರೆಗೆ ನಿಮ್ಮ ಮೇಲೆ ಮಾಡುವ ಅಟ್ಯಾಕ್‌ಗೆಲ್ಲ ಅವನಿಗೆ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ಡೈಸ್ ಹಾಕಿ ಕಡಿಮೆಯದನ್ನು ತಗೊಳ್ಳಬೇಕು.

"ಹಿಟ್ ಪಾಯಿಂಟ್ ವಾಪಸ್ ಪಡೆಯಲಾರ" ಅನ್ನುವುದಕ್ಕೆ ಯಾವ ವಿನಾಯಿತಿಯನ್ನೂ ಬರೆದಿಲ್ಲ. ಸೇವಿಂಗ್ ಥ್ರೋ (ಮಂತ್ರದಿಂದ ತಪ್ಪಿಸಿಕೊಳ್ಳಲು ಶತ್ರು ಹಾಕುವ ಡೈಸ್) ಇಲ್ಲ. ಇಂಥ ರೀತಿಯ ಹೀಲಿಂಗ್ ಮಾತ್ರ ಅಂತ ಇಲ್ಲ. ಪೋಷನ್ ಕುಡಿದರೂ ಅಷ್ಟೇ, ಅವನ ಕಡೆಯ ಪೂಜಾರಿ ಕ್ಯೂರ್ ವೂಂಡ್ಸ್ ಹಾಕಿದರೂ ಅಷ್ಟೇ, ಮೈಯಲ್ಲೇ ರೀಜನರೇಷನ್ (ತಾನಾಗಿ ಚೇತರಿಸಿಕೊಳ್ಳುವ ಗುಣ) ಇದ್ದರೂ ಅಷ್ಟೇ, ರಕ್ತ ಹೀರಿ ಚೇತರಿಸಿಕೊಳ್ಳುವ ಶಕ್ತಿ ಇದ್ದರೂ ಅಷ್ಟೇ. ಮೊದಲ ಲೆವೆಲ್‌ನ ಹುಡುಗ ವಿಝಾರ್ಡ್ ಮಾಡಿದರೂ ಇಪ್ಪತ್ತನೇ ಲೆವೆಲ್‌ನ ರಾಕ್ಷಸನ ಹೀಲಿಂಗ್ ಒಂದು ರೌಂಡ್ ನಿಂತುಹೋಗುತ್ತದೆ. ಡೈಸ್ ತಾಗಬೇಕು, ಅದೊಂದೇ ಷರತ್ತು.

ನಮ್ಮ ಟೇಬಲ್‌ನಲ್ಲಿ ವ್ಯಾಂಪೈರ್ ಸ್ಪಾನ್ (ರಕ್ತ ಹೀರುವ ಒಂದು ಅನ್‌ಡೆಡ್) ಜೊತೆ ನಡೆದ ಒಂದು ಫೈಟ್ ಹೇಳುತ್ತೇನೆ, ಆಗ ಇದು ಅರ್ಥವಾಗುತ್ತದೆ. ನಾವು 5ನೇ ಲೆವೆಲ್. 2014ರ ರೂಲ್ಸ್‌ನಲ್ಲಿ ವ್ಯಾಂಪೈರ್ ಸ್ಪಾನ್‌ಗೆ ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಸಂಖ್ಯೆ) 15, ಹಿಟ್ ಪಾಯಿಂಟ್ 82. ಬಿಸಿಲು ಅಥವಾ ಹರಿಯುವ ನೀರಲ್ಲಿ ಇಲ್ಲದಿದ್ದರೆ ಪ್ರತಿ ಟರ್ನ್ ಶುರುವಿಗೆ 10 ಪಾಯಿಂಟ್ ತಾನಾಗಿ ತುಂಬಿಕೊಳ್ಳುತ್ತದೆ. ಅದನ್ನು ತಡೆಯಲು ರೇಡಿಯಂಟ್ (ದೈವಿಕ ಬೆಳಕಿನ) ಡ್ಯಾಮೇಜ್ ಅಥವಾ ಹೋಲಿ ವಾಟರ್ ಬೇಕು. ನಮ್ಮ ಗುಂಪಿನಲ್ಲಿ ಅಂಥದ್ದು ಮಾಡುವ ಕ್ಲೆರಿಕ್ (ಪೂಜಾರಿ) ಇರಲಿಲ್ಲ, ಪ್ಯಾಲಡಿನ್ (ಧರ್ಮಯೋಧ) ಇರಲಿಲ್ಲ. ಫೈಟರ್ ಕೈಲಿದ್ದದ್ದು ಮಾಮೂಲಿ ಕತ್ತಿ, ಮ್ಯಾಜಿಕ್ ಇಲ್ಲದ್ದು, ಹಾಗಾಗಿ ಅವನ ಏಟೂ ಅರ್ಧಕ್ಕರ್ಧ. ಸ್ಪಾನ್ ಅವನನ್ನೇ ಹಿಡಿದುಕೊಂಡು ಕಚ್ಚುತ್ತಿತ್ತು. ಕಚ್ಚಿದಾಗ ಆಗುವ 2ಡಿ6 ನೆಕ್ರೋಟಿಕ್ ಡ್ಯಾಮೇಜ್ ಎಷ್ಟೋ ಅಷ್ಟು ಅದಕ್ಕೆ ವಾಪಸ್ ಸೇರುತ್ತದೆ, ಫೈಟರ್‌ನ ಮ್ಯಾಕ್ಸಿಮಮ್ಮೇ ಅಷ್ಟು ಇಳಿಯುತ್ತದೆ. ನಾವು ಹೊಡೆದದ್ದೆಲ್ಲ ತೂತು ಬಿದ್ದ ಬಿಂದಿಗೆಗೆ ನೀರು ತುಂಬಿದ ಹಾಗಿತ್ತು.

ನಮ್ಮ ವಿಝಾರ್ಡ್‌ಗೆ ಮೂರನೇ ಲೆವೆಲ್‌ನ ಎರಡೂ ಸ್ಲಾಟ್ ಆಗಲೇ ಖಾಲಿ. ಅವಳು ಚಿಲ್ ಟಚ್ ಹಾಕಿದಳು. ಅಟ್ಯಾಕ್‌ಗೆ +7 ಇತ್ತು, 8 ಬಿದ್ದರೆ ಸಾಕಿತ್ತು, ಬಿತ್ತು. ಎರಡು ಡೈಸ್ ಸೇರಿ 9. ಸ್ಪಾನ್‌ಗೆ ನೆಕ್ರೋಟಿಕ್ ರೆಸಿಸ್ಟೆನ್ಸ್ ಇರುವುದರಿಂದ ಅರ್ಧ ಮಾಡಿ 4. ಟೇಬಲ್‌ನಲ್ಲಿ ಒಬ್ಬ "ನಾಲ್ಕಾ?" ಅಂದ. ಆಮೇಲೆ ಸ್ಪಾನ್‌ನ ಟರ್ನ್ ಬಂತು. ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ರಫ್ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಲೆಕ್ಕ ಇಟ್ಟುಕೊಂಡಿದ್ದರು. ಪ್ರತಿ ಸಲ ಟರ್ನ್ ಶುರುವಾದಾಗ ರಬ್ಬರ್ ತಗೊಂಡು ಹಳೆಯ ಸಂಖ್ಯೆ ಅಳಿಸಿ ಹೊಸದು ಬರೆಯುತ್ತಿದ್ದರು. ಈ ಸಲ ರಬ್ಬರ್ ಮುಟ್ಟಲಿಲ್ಲ. ಕಚ್ಚಿದ್ದೂ ಆಯಿತು, ಫೈಟರ್ 8 ಕಳೆದುಕೊಂಡ, ಆಗಲೂ ಮುಟ್ಟಲಿಲ್ಲ. ಲೆಕ್ಕ ಹಾಕಿ ನೋಡಿ. ಡೈಸ್ ತೋರಿಸಿದ್ದು 4. ತಡೆದದ್ದು ರೀಜನರೇಷನ್‌ನ 10, ಕಡಿತದ 8. ಒಟ್ಟು 22 ಪಾಯಿಂಟ್ ಕೆಲಸ, ಒಂದೂ ಸ್ಲಾಟ್ ಖರ್ಚಾಗದೆ, ದೂರದ ಮೆಟ್ಟಿಲ ಮೇಲೆ ನಿಂತುಕೊಂಡು. ಅದಾದ ಮೇಲೆ ಅವಳು ಬಿಡದೆ ಅದನ್ನೇ ಹಾಕಿದಳು. ತಾಗಿದ ರೌಂಡ್‌ಗಳಲ್ಲೆಲ್ಲ ಫೈಟರ್ ಹೊಡೆದ ಏಟು ಹೊಡೆದ ಹಾಗೇ ಉಳಿಯಿತು, ಕೊನೆಗೆ ಅವನೇ ಅದನ್ನು ಕೆಡವಿದ.

ಇದೇ ಕಾರಣಕ್ಕೆ ಈ ಸ್ಪೆಲ್ ನನಗೆ ತುಂಬಾ ಇಷ್ಟ. ಗೆಲುವು ಫೈಟರ್ ಕೈಯಲ್ಲೇ ಇರುತ್ತದೆ, ವಿಝಾರ್ಡ್ ಅವನ ಶ್ರಮ ವ್ಯರ್ಥವಾಗದ ಹಾಗೆ ಕಾಯುತ್ತಾಳೆ. ಟೇಬಲ್‌ನಲ್ಲಿ ಒಟ್ಟಿಗೆ ಆಡುತ್ತಿದ್ದೇವೆ ಅನ್ನುವ ಭಾವನೆ ಇಂಥ ಕಡೆಯೇ ಬರುವುದು.

ಹಾಗಂತ ರೀಜನರೇಷನ್ ಇರುವ ಎಲ್ಲದಕ್ಕೂ ಇದೇ ಮದ್ದು ಅಂದುಕೊಳ್ಳಬೇಡಿ. ಟ್ರಾಲ್‌ನ ಉದಾಹರಣೆ ಎಲ್ಲರೂ ಕೊಡುತ್ತಾರೆ, ಆದರೆ ಟ್ರಾಲ್‌ಗೆ ಬೆಂಕಿ ಅಥವಾ ಆ್ಯಸಿಡ್ ತಾಗಿದರೆ ರೀಜನರೇಷನ್ ಹೇಗೂ ನಿಲ್ಲುತ್ತದೆ. ಹಾಗಾಗಿ ಅಲ್ಲಿ ಫೈರ್ ಬೋಲ್ಟ್ ಅದೇ ಕೆಲಸವನ್ನು 1ಡಿ10 ಡೈಸ್ ಜೊತೆ ಮಾಡುತ್ತದೆ. ಚಿಲ್ ಟಚ್ ನಿಜವಾಗಿ ಬೇಕಾಗುವುದು ಓನಿ ಥರದ ರಾಕ್ಷಸರ ಮುಂದೆ. ಓನಿಗೆ 110 ಹಿಟ್ ಪಾಯಿಂಟ್, ಜೀವ ಇರುವಷ್ಟು ಹೊತ್ತು ಪ್ರತಿ ಟರ್ನ್ 10 ವಾಪಸ್. 2014ರ ಸ್ಟ್ಯಾಟ್ ಬ್ಲಾಕ್‌ನಲ್ಲಿ (ಜೀವಿಯ ಅಂಕಿ-ಶಕ್ತಿಗಳ ಪಟ್ಟಿ) ಅದನ್ನು ನಿಲ್ಲಿಸುವ ಡ್ಯಾಮೇಜ್ ಟೈಪೇ ಇಲ್ಲ. ಬೆಂಕಿ, ಆ್ಯಸಿಡ್, ರೇಡಿಯಂಟ್ ಯಾವುದೂ ಆಗುವುದಿಲ್ಲ. ಓನಿಗೆ ನೆಕ್ರೋಟಿಕ್ ರೆಸಿಸ್ಟೆನ್ಸ್ ಕೂಡ ಇಲ್ಲ. 5ನೇ ಲೆವೆಲ್‌ನ ವಿಝಾರ್ಡ್ ತಾಗಿಸಿದರೆ ಸರಾಸರಿ 9 ಡ್ಯಾಮೇಜ್, ಜೊತೆಗೆ ತಡೆದ 10. ಅದೇ ಲೆವೆಲ್‌ನ ಫೈರ್ ಬೋಲ್ಟ್ ಸರಾಸರಿ 11, ಅದರಲ್ಲಿ 10 ಮುಂದಿನ ಟರ್ನ್‌ಗೆ ವಾಪಸ್ ಬಂದಾಯಿತು.

ಮನುಷ್ಯ ಶತ್ರುಗಳ ಮೇಲೂ ಪರವಾಗಿಲ್ಲ. ವಿಲನ್ ಜೊತೆ ಪೂಜಾರಿ ಇದ್ದಾನೆ, ಅವನು ಹೀಲ್ ಮಾಡುತ್ತಲೇ ಇದ್ದಾನೆ ಅಂದರೆ ಚಿಲ್ ಟಚ್ ವಿಲನ್ ಮೇಲೆ ಹಾಕಿ. ಪೂಜಾರಿಯ ಟರ್ನ್ ಪೂರ್ತಿ ಬೇರೆ ಕಡೆ ತಿರುಗುತ್ತದೆ, ಇಲ್ಲವಾದರೆ ಸ್ಲಾಟ್ ವ್ಯರ್ಥವಾಗುತ್ತದೆ. ಇಲ್ಲಿ ಇನಿಷಿಯೇಟಿವ್ ಕ್ರಮ (ಯಾರ ಸರದಿ ಯಾವಾಗ) ನೋಡಿಕೊಳ್ಳುವ ತಲೆನೋವು ಕೂಡ ಇಲ್ಲ. ನಿಮ್ಮ ಒಂದು ಟರ್ನ್‌ನಿಂದ ಇನ್ನೊಂದು ಟರ್ನ್‌ವರೆಗೆ ತಡೆ ಇರುವುದರಿಂದ ಮಧ್ಯೆ ಎಲ್ಲರ ಸರದಿಯೂ ಒಂದೊಂದು ಸಲ ಬಂದುಹೋಗುತ್ತದೆ.

ಇನ್ನು ಅನ್‌ಡೆಡ್‌ಗೆ ಸಿಗುವ ಡಿಸ್‌ಅಡ್ವಾಂಟೇಜ್. ಅದು ನಿಮ್ಮ ಮೇಲಿನ ಅಟ್ಯಾಕ್‌ಗೆ ಮಾತ್ರ, ನಿಮ್ಮ ಗೆಳೆಯರ ಮೇಲಿನದಕ್ಕೆ ಅಲ್ಲ. ದೂರದಲ್ಲಿ ನಿಂತವನಿಗೆ ಇದರಿಂದ ಅಷ್ಟೇನೂ ಲಾಭವಿಲ್ಲ ಅನ್ನಿಸಬಹುದು. ಓಡುತ್ತಿರುವಾಗ ಇದರ ಬೆಲೆ ಗೊತ್ತಾಗುತ್ತದೆ. ಕಿರಿದಾದ ದಾರಿಯಲ್ಲಿ ವೈಟ್ ಅನ್ನುವ ಒಂದು ಅನ್‌ಡೆಡ್ ನಿಮ್ಮ ಹಿಂದೆ ಬಂದಿದೆ, ಬಿಲ್ಲು ಬೇರೆ ಹಿಡಿದಿದೆ, ಗುಂಪು ಮುಂದೆ ಹೋಗಿದೆ ಅಂದುಕೊಳ್ಳಿ. ತಾಗಿಸಿ ಓಡಿದರೆ ಅದು ನಿಮ್ಮ ಮೇಲೆ ಬಿಡುವ ಬಾಣಕ್ಕೆಲ್ಲ ಎರಡು ಡೈಸ್ ಹಾಕಿ ಕಡಿಮೆಯದನ್ನೇ ತಗೊಳ್ಳಬೇಕು. ಕಡಿಮೆ ಹಿಟ್ ಪಾಯಿಂಟ್ ಇರುವ ವಿಝಾರ್ಡ್‌ಗೆ ಅದು ಜೀವ ಉಳಿಸುವ ಸಾಲು.

ಕೆಲಸಕ್ಕೆ ಬಾರದ ಕಡೆಗಳನ್ನೂ ಹೇಳಿಬಿಡುತ್ತೇನೆ. ಮೊದಲ ಲೆವೆಲ್‌ಗಳಲ್ಲಿ ಎದುರಾಗುವ ಗಾಬ್ಲಿನ್, ಡಕಾಯಿತ, ತೋಳ ಯಾರೂ ಹೀಲ್ ಆಗುವವರಲ್ಲ. ಅವರ ಮುಂದೆ ಇದು ಬರೀ 1ಡಿ8, ಸರಾಸರಿ ನಾಲ್ಕೂವರೆ. ಟೋಲ್ ದ ಡೆಡ್ ಅಂತ ಇನ್ನೊಂದು ನೆಕ್ರೋಮ್ಯಾನ್ಸಿ ಕ್ಯಾಂಟ್ರಿಪ್ 2017ರಲ್ಲಿ ಬಂತು. ಈಗಾಗಲೇ ಏಟು ತಿಂದವರ ಮೇಲೆ ಅದಕ್ಕೆ 1ಡಿ12, ಸುಮ್ನೆ ಡ್ಯಾಮೇಜ್ ಬೇಕು ಅನ್ನುವವರು ಅದನ್ನೇ ತಗೊಳ್ಳಿ. ಇನ್ನು ಶತ್ರು ಪಕ್ಕದಲ್ಲೇ ನಿಂತಿದ್ದರೆ ಚಿಲ್ ಟಚ್‌ಗೆ ಡಿಸ್‌ಅಡ್ವಾಂಟೇಜ್, ರೇಂಜ್ಡ್ ಅಟ್ಯಾಕ್ ಅಲ್ವಾ. ಟೆಂಪರರಿ ಹಿಟ್ ಪಾಯಿಂಟ್‌ಗಳನ್ನು ಇದು ತಡೆಯುವುದಿಲ್ಲ, ಅವು ವಾಪಸ್ ಪಡೆಯುವ ಪಾಯಿಂಟ್ ಅಲ್ಲ. ಜಾಂಬಿಯ ಅನ್‌ಡೆಡ್ ಫಾರ್ಟಿಟ್ಯೂಡ್‌ಗೂ ಇದು ಅಡ್ಡ ಬರುವುದಿಲ್ಲ. ಅಲ್ಲಿ ಜಾಂಬಿ 0ಗೆ ಇಳಿದು ಮೇಲೇಳುತ್ತಿಲ್ಲ, 0ಗೆ ಇಳಿಯುವ ಬದಲು 1ರಲ್ಲಿ ನಿಲ್ಲುತ್ತದೆ, ಹೀಲಿಂಗ್ ಆಗುವುದೇ ಇಲ್ಲ. ಈ ವಿಷಯಕ್ಕೆ ಟೇಬಲ್‌ಗಳಲ್ಲಿ ಜಗಳ ಆಗುವುದನ್ನು ಕಂಡಿದ್ದೇನೆ, ರೂಲ್ ಓದಿದರೆ ಅನುಮಾನ ಉಳಿಯುವುದಿಲ್ಲ. ಹಾಗೇ ಘೋಸ್ಟ್ ಥರ ನೆಕ್ರೋಟಿಕ್ ಡ್ಯಾಮೇಜ್ ಒಂದಿಷ್ಟೂ ತಾಗದವರ ಮೇಲೂ ಹಿಟ್ ಆದರೆ ಹೀಲಿಂಗ್ ತಡೆ, ಡಿಸ್‌ಅಡ್ವಾಂಟೇಜ್ ಎರಡೂ ಬೀಳುತ್ತವೆ. ಅವು ಬರುವುದು ಹಿಟ್ ಆದದ್ದಕ್ಕೆ, ಡ್ಯಾಮೇಜ್ ಎಷ್ಟಾಯಿತು ಅನ್ನುವುದು ಲೆಕ್ಕಕ್ಕಿಲ್ಲ.

ನೆಕ್ರೋಮ್ಯಾನ್ಸಿ ಅಂದ ಕೂಡಲೇ ಕೆಲವರು ಹಿಂಜರಿಯುತ್ತಾರೆ. ಗುಂಪಿನಲ್ಲಿ ಪ್ಯಾಲಡಿನ್ ಇದ್ದಾನೆ, ಅವನೇನು ಅನ್ನುತ್ತಾನೋ ಅಂತ. ಹೆಣ ಎಬ್ಬಿಸಿ ದುಡಿಸಿಕೊಳ್ಳುವುದು ಅನಿಮೇಟ್ ಡೆಡ್‌ನ ಕೆಲಸ, ಚಿಲ್ ಟಚ್ ಯಾರನ್ನೂ ಎಬ್ಬಿಸುವುದಿಲ್ಲ. ಸತ್ತವರನ್ನು ಬದುಕಿಸುವ ರೇಸ್ ಡೆಡ್ ಕೂಡ ಇದೇ ನೆಕ್ರೋಮ್ಯಾನ್ಸಿ ಸ್ಕೂಲ್‌ನದ್ದು. ಹಾಗಾಗಿ ಒಳ್ಳೆಯ ಪಾತ್ರ ಮಾಡುವವರೂ ಧೈರ್ಯವಾಗಿ ತಗೊಳ್ಳಬಹುದು. ಡಿಎಂಗಳು ಆ ಕೈಯನ್ನು ಸ್ವಲ್ಪ ವರ್ಣಿಸಿದರೆ ಚೆನ್ನ. "ತಾಗಿತು, 9" ಅಂತ ಮುಗಿಸಬೇಡಿ. ಮೂಳೆಯ ಐದು ಬೆರಳು ಕತ್ತಿನ ಹಿಂದೆ ಊರಿಕೊಂಡಿವೆ, ಗಾಯ ಮುಚ್ಚಲು ಹೋದಲ್ಲೆಲ್ಲ ಚರ್ಮ ಬೂದಿ ಬಣ್ಣಕ್ಕೆ ತಿರುಗಿ ಮತ್ತೆ ಬಿರಿಯುತ್ತಿದೆ ಅಂತ ಹೇಳಿ ನೋಡಿ. ಹೀಲಿಂಗ್ ನಿಂತಿದೆ ಅನ್ನುವುದು ಆಟಗಾರರಿಗೆ ಆಗ ಮರೆಯುವುದೇ ಇಲ್ಲ.

ಈಗ 2024ಕ್ಕೆ ಬರೋಣ. ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಚಿಲ್ ಟಚ್‌ನ ರೇಂಜ್ 120 ಅಡಿಯಿಂದ ನೇರ ಟಚ್‌ಗೆ ಇಳಿದಿದೆ. ರೇಂಜ್ಡ್ ಹೋಗಿ ಮೆಲೀ (ಪಕ್ಕದಲ್ಲೇ ನಿಂತು ಮಾಡುವ) ಸ್ಪೆಲ್ ಅಟ್ಯಾಕ್ ಆಗಿದೆ. ಡೈಸ್ 1ಡಿ8ರಿಂದ 1ಡಿ10ಕ್ಕೆ ಏರಿದೆ. ಹೀಲಿಂಗ್ ತಡೆ ನಿಮ್ಮ ಮುಂದಿನ ಟರ್ನ್ ಮುಗಿಯುವವರೆಗೆ ಇರುತ್ತದೆ. ಅನ್‌ಡೆಡ್‌ಗೆ ಇದ್ದ ಡಿಸ್‌ಅಡ್ವಾಂಟೇಜ್ ಪೂರ್ತಿ ತೆಗೆದುಹಾಕಿದ್ದಾರೆ.

ಇದಕ್ಕೆ ಹಿನ್ನೆಲೆ ಇಲ್ಲದೆ ಇಲ್ಲ. ಹಳೆಯ ಎಡಿಷನ್‌ಗಳಲ್ಲಿ ಇದು ಮುಟ್ಟಿಯೇ ಮಾಡಬೇಕಾದ ಸ್ಪೆಲ್, ಅದೂ ಮೊದಲ ಲೆವೆಲ್‌ನದ್ದು, ಕ್ಯಾಂಟ್ರಿಪ್ ಅಲ್ಲ. 3.5 ಎಡಿಷನ್‌ನಲ್ಲಿ ಮುಟ್ಟಿದರೆ 1ಡಿ6 ಡ್ಯಾಮೇಜ್, ಸೇವ್ ತಪ್ಪಿದರೆ 1 ಪಾಯಿಂಟ್ ಸ್ಟ್ರೆಂತ್ ಹೋಗುತ್ತಿತ್ತು, ಲೆವೆಲ್‌ಗೆ ಒಂದರಂತೆ ಮುಟ್ಟಬಹುದಿತ್ತು. ಅನ್‌ಡೆಡ್‌ಗೆ ಏಟು ಬೀಳುತ್ತಿರಲಿಲ್ಲ, ಸೇವ್ ತಪ್ಪಿದರೆ ಹೆದರಿ ಓಡಿಹೋಗುತ್ತಿತ್ತು. ಆ ಸ್ಪೆಲ್‌ನಲ್ಲಿ ಹತ್ತಿರ ಹೋಗುವ ಅಪಾಯಕ್ಕೆ ತಕ್ಕ ಫಲ ಇತ್ತು. 2024ರದ್ದರಲ್ಲಿ ಅಪಾಯ ವಾಪಸ್ ಬಂದಿದೆ, ಫಲ ಬಂದಿಲ್ಲ. ಜಾಸ್ತಿಯಾದದ್ದು ಸರಾಸರಿ 1 ಪಾಯಿಂಟ್ ಡ್ಯಾಮೇಜ್. ತಡೆಯ ಅವಧಿ ಉದ್ದವಾಗಿದೆ ಅಂತ ಕಾಣುತ್ತದೆ, ಆದರೆ ಉದ್ದವಾದ ಭಾಗ ನಿಮ್ಮದೇ ಟರ್ನ್. ಶತ್ರು ಹೀಲ್ ಆಗುವುದು ಅವನ ಟರ್ನ್‌ನಲ್ಲಿ ಅಥವಾ ಅವನ ಕಡೆಯವರ ಟರ್ನ್‌ನಲ್ಲಿ. ಅದು ಹಳೆಯದರಲ್ಲೂ ಮುಚ್ಚಿಯೇ ಇತ್ತು.

ವಿಝಾರ್ಡ್‌ಗೆ ಇದರಿಂದ ಆಗುವ ತೊಂದರೆ ಯೋಚಿಸಿ. ಮೇಲೆ ಹೇಳಿದ ಫೈಟ್‌ನಲ್ಲೇ ಅವಳು ಮೆಟ್ಟಿಲಿಳಿದು ವ್ಯಾಂಪೈರ್ ಸ್ಪಾನ್ ಪಕ್ಕ ಹೋಗಿ ಕೈ ಇಡಬೇಕಿತ್ತು. ಅದಕ್ಕೆ ಫೈಟರ್ ಬಿಟ್ಟು ಅವಳನ್ನು ಹಿಡಿಯಲು ಒಂದು ಕ್ಷಣ ಸಾಕು. ರೀಜನರೇಷನ್ ಇರುವ ರಾಕ್ಷಸರೆಲ್ಲ ಸಾಮಾನ್ಯವಾಗಿ ಕೈಗೆ ಸಿಕ್ಕವರನ್ನು ಹರಿದುಹಾಕುವವರೇ. ಈ ಸ್ಪೆಲ್ ಬೇಕಾಗುವುದು ಯಾರ ವಿರುದ್ಧವೋ ಅವರ ಹತ್ತಿರವೇ ಹೋಗಬೇಕು, ಹೋಗಬಾರದ ಕ್ಲಾಸ್‌ನವರು ಹೋಗಬೇಕು. ಈ ಬದಲಾವಣೆ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ಆದರೂ 2024ರ ರೂಲ್ಸ್‌ನಲ್ಲೇ ಆಡುತ್ತೀರಿ ಅಂದರೆ ದಾರಿಗಳಿವೆ. ಒಳ್ಳೆಯದು ಫೈಂಡ್ ಫೆಮಿಲಿಯರ್, ಅಂದರೆ ಫೆಮಿಲಿಯರ್ ಅನ್ನುವ ಪುಟ್ಟ ಪ್ರಾಣಿ ಸಹಾಯಕನನ್ನು ಕರೆಸುವ ಮಂತ್ರ. ಟಚ್ ರೇಂಜ್‌ನ ಸ್ಪೆಲ್ ಅನ್ನು 100 ಅಡಿಯೊಳಗಿರುವ ನಿಮ್ಮ ಫೆಮಿಲಿಯರ್ ತನ್ನ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಒಂದು ಕೆಲಸ) ಖರ್ಚು ಮಾಡಿ ಮುಟ್ಟಿಸಬಹುದು, ಅಟ್ಯಾಕ್ ಬೋನಸ್ ನಿಮ್ಮದೇ. ಗೂಬೆ ಇಟ್ಟುಕೊಂಡರೆ ಅನುಕೂಲ. ಒಂದು ಟರ್ನ್‌ಗೆ 60 ಅಡಿ ಹಾರುತ್ತದೆ, ವಾಪಸ್ ಹಾರುವಾಗ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವವರಿಗೆ ಶತ್ರು ಕೊಡುವ ಏಟು) ಬೀಳುವುದಿಲ್ಲ. ತೊಡಕು ಏನಂದರೆ ಗೂಬೆ ತನ್ನ ಟರ್ನ್‌ನಲ್ಲಿ ಹೋಗಿ ನಿಮ್ಮ ಟರ್ನ್ ಬರುವವರೆಗೆ ಶತ್ರುವಿನ ಪಕ್ಕದಲ್ಲೇ ಇರಬೇಕು, ಅದಕ್ಕಿರುವುದು 1 ಹಿಟ್ ಪಾಯಿಂಟ್. ಇನಿಷಿಯೇಟಿವ್‌ನಲ್ಲಿ ಗೂಬೆ ನಿಮಗಿಂತ ಸ್ವಲ್ಪವೇ ಮುಂಚೆ ಬಂದರೆ ಅದೃಷ್ಟ, ಶತ್ರು ಮಧ್ಯೆ ಬಂದರೆ ಗೂಬೆ ಹೋಯಿತು, ಮತ್ತೆ ಕರೆಯಲು 10 ಚಿನ್ನದ ನಾಣ್ಯದ ಸಾಮಗ್ರಿ ಸುಡಬೇಕು. ಸಾರ್ಸರರ್ ಆದರೆ ಡಿಸ್ಟೆಂಟ್ ಸ್ಪೆಲ್ ಅನ್ನುವ ಶಕ್ತಿಗೆ ಒಂದು ಸಾರ್ಸರಿ ಪಾಯಿಂಟ್ ಕೊಟ್ಟು ಟಚ್ ಅನ್ನು 30 ಅಡಿ ಮಾಡಿಕೊಳ್ಳಬಹುದು. ಪ್ರತಿ ರೌಂಡ್ ಕೊಡಲಾಗುವುದಿಲ್ಲ, ಆದರೆ ಬೇಕಾದ ಆ ಒಂದು ರೌಂಡ್‌ಗೆ ಸಾಕು. ವಾರ್ಲಾಕ್‌ಗೆ ಹೊಸ ಅಗೊನೈಝಿಂಗ್ ಬ್ಲಾಸ್ಟ್ (ಕ್ಯಾಂಟ್ರಿಪ್‌ನ ಡ್ಯಾಮೇಜ್ ಹೆಚ್ಚಿಸುವ ಶಕ್ತಿ) ಎಲ್ಡ್ರಿಚ್ ಬ್ಲಾಸ್ಟ್ ಅನ್ನುವ ಕ್ಯಾಂಟ್ರಿಪ್‌ಗೆ ಮಾತ್ರ ಅಂತ ಇಲ್ಲ, ಚಿಲ್ ಟಚ್‌ಗೂ ಹಚ್ಚಬಹುದು.

ಹೊಸದು ನಿಜವಾಗಿ ಚೆನ್ನಾಗಿ ಹೊಂದುವುದು ಎಲ್ಡ್ರಿಚ್ ನೈಟ್‌ಗೆ, ಅಂದರೆ ಮಂತ್ರವನ್ನೂ ಕಲಿತ ಫೈಟರ್‌ಗೆ. 7ನೇ ಲೆವೆಲ್‌ನಿಂದ ಅವನು ತನ್ನ ಏಟುಗಳಲ್ಲಿ ಒಂದರ ಬದಲು ಕ್ಯಾಂಟ್ರಿಪ್ ಹಾಕಬಹುದು, ಹೇಗೂ ಮುಂದೆಯೇ ನಿಂತಿರುತ್ತಾನೆ, ಮೈಮೇಲೆ ಕಬ್ಬಿಣ ಇರುತ್ತದೆ. ಒಂದು ಕತ್ತಿಯೇಟು, ಒಂದು ಚಿಲ್ ಟಚ್. ಅವನ ಇಂಟೆಲಿಜೆನ್ಸ್ ತೀರಾ ಕಡಿಮೆ ಇಲ್ಲದಿದ್ದರೆ ಇದು ಭರ್ಜರಿ.

ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮ್ ಆಡಿ ಟೇಬಲ್‌ಗೆ ಬರುವವರು ಒಂದು ಗಮನಿಸಿ. ಆ ಗೇಮ್‌ನಲ್ಲಿ ಬೋನ್ ಚಿಲ್ ಅಂತ ಇರುವುದು ಇದೇ ಸ್ಪೆಲ್, 2014ರ ರೂಪದ್ದು, 18 ಮೀಟರ್ ದೂರದಿಂದ ಹಾಕಬಹುದು. ಅದೇ ಅಂದುಕೊಂಡು 2024ರ ಟೇಬಲ್‌ನಲ್ಲಿ ಹಿಂದಿನ ಸಾಲಿನಲ್ಲಿ ನಿಂತರೆ ಕೈ ಎಟುಕುವುದಿಲ್ಲ.

ಬೆಲೆ ವಿಷಯ. ಇದಕ್ಕಾಗಿ ಪುಸ್ತಕ ಕೊಳ್ಳಬೇಕಾಗಿಲ್ಲ. 2014ರ ಚಿಲ್ ಟಚ್ ಎಸ್‌ಆರ್‌ಡಿ 5.1 ಅನ್ನುವ ಮೂಲ ರೂಲ್ಸ್ ದಾಖಲೆಯಲ್ಲಿದೆ, ಅದು 2023ರಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಉಚಿತ. ಮೇಲೆ ಹೇಳಿದ ವ್ಯಾಂಪೈರ್ ಸ್ಪಾನ್, ಓನಿ, ಟ್ರಾಲ್ ಕೂಡ ಅದರಲ್ಲೇ ಇವೆ. ಡಿ ಅಂಡ್ ಡಿ ಬಿಯಾಂಡ್ ವೆಬ್‌ಸೈಟ್‌ನಲ್ಲಿ ಕ್ಯಾರೆಕ್ಟರ್ ಶೀಟ್ ಮಾಡುವವರು ಹೆಸರಿನ ಪಕ್ಕ ಲೆಗಸಿ ಅಂತ ಇದೆಯಾ ನೋಡಿ, ಅದಿದ್ದರೆ ಹಳೆಯದು.

2014ರದ್ದಕ್ಕೆ ನಾನು 5ಕ್ಕೆ 4.5 ಕೊಡುತ್ತೇನೆ. ಅರ್ಧ ಕಳೆದದ್ದು ಮೊದಲ ಒಂದೆರಡು ಲೆವೆಲ್‌ಗಳಲ್ಲಿ ಇದಕ್ಕೆ ಕೆಲಸ ಸಿಗುವುದಿಲ್ಲ ಅನ್ನುವುದಕ್ಕೆ. 2024ರದ್ದಕ್ಕೆ ವಿಝಾರ್ಡ್ ಲೆಕ್ಕದಲ್ಲಿ 2, ಎಲ್ಡ್ರಿಚ್ ನೈಟ್ ಲೆಕ್ಕದಲ್ಲಿ 4. ಹೊಸ ರೂಲ್ಸ್‌ನಲ್ಲಿ ವಿಝಾರ್ಡ್ ಪ್ರತಿ ಲಾಂಗ್ ರೆಸ್ಟ್ ಆದ ಮೇಲೆ ಒಂದು ಕ್ಯಾಂಟ್ರಿಪ್ ಬದಲಾಯಿಸಿಕೊಳ್ಳಬಹುದು. ಹಾಗಾಗಿ ಊರವರು ಗವಿಯಲ್ಲಿ ಸಾಯದ ಏನೋ ಇದೆ ಅಂತ ಹೇಳಿದ ರಾತ್ರಿ ಇದನ್ನು ತಗೊಂಡು ಹೋಗಿ, ಕೆಲಸ ಮುಗಿದ ಮೇಲೆ ವಾಪಸ್ ಫೈರ್ ಬೋಲ್ಟ್ ಹಾಕಿಕೊಳ್ಳಿ. ಹಳೆಯದೇ ಬೇಕು ಅನ್ನುವವರು ಸೆಷನ್ ಝೀರೋದಲ್ಲೇ (ಆಟ ಶುರುವಾಗುವ ಮುಂಚಿನ ಮಾತುಕತೆ) ಡಿಎಂ ಹತ್ತಿರ ಕೇಳಿಬಿಡಿ. 120 ಅಡಿ, 1ಡಿ8, ಅನ್‌ಡೆಡ್‌ಗೆ ಡಿಸ್‌ಅಡ್ವಾಂಟೇಜ್, ಈ ಮೂರೂ ಸೇರಿದ ರೂಪವೇ ಬೇಕು ಅಂತ ಬಿಡಿಸಿ ಹೇಳಿ, ಕ್ಯಾರೆಕ್ಟರ್ ಶೀಟ್‌ನಲ್ಲೂ ಹಾಗೇ ಬರೆದುಕೊಳ್ಳಿ. ಫೈಟ್ ಮಧ್ಯೆ ಕೇಳಿದರೆ ಯಾವ ಡಿಎಂ ಕೂಡ ಒಪ್ಪುವುದು ಕಷ್ಟ.